ಬೋಳು ಹ್ಯಾಮರ್: ಪೊಲೀಸ್ ರಿವಾಲ್ವರ್‌ನ ಕೊಕ್ಕೆ ಹೋದದ್ದೇಕೆ, ಮನೆಯಲ್ಲಿ ಅದನ್ನು ಕತ್ತರಿಸಬಾರದೇಕೆ

ರಿವಾಲ್ವರ್‌ನ ಹಿಂಬದಿಯಲ್ಲಿ, ಹಿಡಿಕೆಯ ಮೇಲ್ತುದಿಯಲ್ಲಿ ನಿಂತು, ಟ್ರಿಗರ್ ಎಳೆದಾಗ ಹಿಂದಕ್ಕೆ ಬಾಗಿ, ಬಿಡುಗಡೆಯಾದೊಡನೆ ಮುಂದಕ್ಕೆ ಬಡಿದು ಕಾಡತೂಸಿನ ತಳವನ್ನು ಸಿಡಿಸುವ ಉಕ್ಕಿನ ತುಂಡಿಗೆ ಹ್ಯಾಮರ್ ಎಂದು ಹೆಸರು. ಹಳೆಯ ಬಂದೂಕುಗಳನ್ನು ಬಲ್ಲ ಹಿರಿಯರು ಇದನ್ನೇ ಕುದುರೆ ಎನ್ನುತ್ತಾರೆ. ಕಾಡತೂಸು ಎಂದರೆ ಗುಂಡು, ಮದ್ದು ಮತ್ತು ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಈ ಮೂರನ್ನೂ ಒಳಗೊಂಡ ಹಿತ್ತಾಳೆಯ ಕೊಳವೆ. ಹ್ಯಾಮರ್‌ನ ನೆತ್ತಿಯಿಂದ ಹಿಂದಕ್ಕೆ ಚಾಚಿಕೊಂಡು, ಮೇಲ್ಮೈಯಲ್ಲಿ ಗೀರುಗಳನ್ನು ಹೊಂದಿ, ಹೆಬ್ಬೆರಳಿಗೆ ಹಿಡಿತ ಒದಗಿಸುವ ಬಾಗಿದ ತುದಿ ಸ್ಪರ್, ಅಂದರೆ ಕೊಕ್ಕೆ. ಈ ಕೊಕ್ಕೆಯೇ ಇಲ್ಲದ, ಹಿಂಭಾಗ ನುಣುಪಾಗಿರುವ ಬೋಳು ಹ್ಯಾಮರ್ 20ನೇ ಶತಮಾನದ ಪೊಲೀಸ್ ಮತ್ತು ಸೇನಾ ರಿವಾಲ್ವರ್‌ಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದ್ದು, ಅದರ ಹಿಂದೆ ಯಾಂತ್ರಿಕ ಅನುಕೂಲಕ್ಕಿಂತ ಹೆಚ್ಚಾಗಿ ಮನುಷ್ಯನ ಕೈಬೆರಳಿನ ಸ್ವಭಾವ ಕುರಿತ ಕಠಿಣ ಅನುಭವವಿದೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಓದುಗರಿಗೆ ಈ ವಿಷಯ ದೂರದ್ದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಸಬ್ ಇನ್‌ಸ್ಪೆಕ್ಟರ್ ಒಬ್ಬರ ಸೊಂಟದ ಚರ್ಮದ ಚೀಲದಲ್ಲಿ ರಿವಾಲ್ವರ್ ಇಲ್ಲಿನ ಜನರು ತಲೆಮಾರುಗಳಿಂದ ನೋಡುತ್ತ ಬಂದ ವಸ್ತು; ವ್ಯಾಪಾರಸ್ಥರು, ಜಮೀನುದಾರರು, ನಿವೃತ್ತ ಸೈನಿಕರು ಪರವಾನಗಿ ಪಡೆದು ರಿವಾಲ್ವರ್ ಇಟ್ಟುಕೊಳ್ಳುವುದೂ ಉಂಟು; ತೀರಿಕೊಂಡ ಹಿರಿಯರ ಆಯುಧವನ್ನು ಏನು ಮಾಡಬೇಕೆಂದು ತಿಳಿಯದೆ ತಿಜೋರಿಯಲ್ಲಿಯೇ ಬಿಡುವ ಮನೆಗಳೂ ಇವೆ. ಕೊಕ್ಕೆ ಅಂಗಿಗೆ ಸಿಕ್ಕಿಕೊಳ್ಳುತ್ತದೆಂದು ಅದನ್ನು ಅರದಿಂದ ಉಜ್ಜಿ ತೆಗೆಸುವ ಆಲೋಚನೆ ಇಂಥವರಿಗೆ ಸುಲಭವಾಗಿ ಬರುತ್ತದೆ. ಆ ಕೆಲಸಕ್ಕೆ ಕೈಹಾಕುವ ಮುನ್ನ, ಪೊಲೀಸ್ ಇಲಾಖೆಗಳು ಮತ್ತು ಕಾರ್ಖಾನೆಗಳು ಕೊಕ್ಕೆಯನ್ನು ಕೈಬಿಟ್ಟದ್ದು ಯಾವ ತರಬೇತಿಯ ಜೊತೆಯಲ್ಲಿ ಎಂಬುದನ್ನು ತಿಳಿಯುವುದು ಅಗತ್ಯ; ತರಬೇತಿಯಿಲ್ಲದೆ ಕೇವಲ ಉಕ್ಕನ್ನು ಕತ್ತರಿಸಿದರೆ ಅಪಾಯ ಕಡಿಮೆಯಾಗುವ ಬದಲು ಬೇರೆ ಜಾಗಕ್ಕೆ ಸರಿಯುತ್ತದೆ ಅಷ್ಟೇ.

ಎರಡು ಬಗೆಯ ಎಳೆತ

ರಿವಾಲ್ವರ್‌ನಿಂದ ಗುಂಡು ಹಾರಿಸಲು ಎರಡು ದಾರಿಗಳಿವೆ. ಮೊದಲನೆಯದು ಸಿಂಗಲ್ ಆಕ್ಷನ್: ಇಲ್ಲಿ ಹೆಬ್ಬೆರಳಿನಿಂದ ಕೊಕ್ಕೆಯನ್ನು ಹಿಡಿದು ಹ್ಯಾಮರನ್ನು ಪೂರ್ತಿ ಹಿಂದಕ್ಕೆ ಎಳೆದು ನಿಲ್ಲಿಸಲಾಗುತ್ತದೆ, ಆಗ ಕಾಡತೂಸುಗಳನ್ನು ಹೊತ್ತ ಸಿಲಿಂಡರ್ ಒಂದು ಮನೆಯಷ್ಟು ತಿರುಗಿ ಬೀಗ ಬೀಳುತ್ತದೆ, ಆಮೇಲೆ ಟ್ರಿಗರ್‌ಗೆ ಉಳಿಯುವ ಕೆಲಸ ಹ್ಯಾಮರನ್ನು ಬಿಡುವುದೊಂದೇ. ಎರಡನೆಯದು ಡಬಲ್ ಆಕ್ಷನ್: ಹ್ಯಾಮರನ್ನು ಮುಟ್ಟದೆ ನೇರವಾಗಿ ಟ್ರಿಗರ್ ಎಳೆದರೆ ಅದೇ ಎಳೆತ ಸಿಲಿಂಡರನ್ನು ತಿರುಗಿಸುತ್ತದೆ, ಹ್ಯಾಮರನ್ನು ಎತ್ತುತ್ತದೆ, ಕೊನೆಯ ಬಿಂದುವಿನಲ್ಲಿ ಬಿಟ್ಟುಬಿಡುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಬೆರಳಿನ ಮೇಲೆ ಬೀಳುವ ಭಾರದಲ್ಲಿ ಅಳೆಯಬೇಕು. ಸಾಮಾನ್ಯ ಸೇವಾ ರಿವಾಲ್ವರ್‌ನಲ್ಲಿ ಡಬಲ್ ಆಕ್ಷನ್ ಎಳೆತಕ್ಕೆ ಸುಮಾರು ಐದರಿಂದ ಆರು ಕಿಲೊ ತೂಕದಷ್ಟು ಬಲ ಬೇಕು, ಬೆರಳು ಗಣನೀಯ ದೂರ ಚಲಿಸಲೂ ಬೇಕು. ಹ್ಯಾಮರ್ ಎಳೆದು ನಿಲ್ಲಿಸಿದ ಸ್ಥಿತಿಯಲ್ಲಾದರೋ ಅದರ ಅರ್ಧಕ್ಕಿಂತ ಕಡಿಮೆ ಬಲ ಸಾಕು, ಬೆರಳಿನ ಚಲನೆ ಕಣ್ಣಿಗೆ ಕಾಣದಷ್ಟು ಸಣ್ಣದು. ಕೊಕ್ಕೆಯಿಲ್ಲದ ರಿವಾಲ್ವರ್‌ಗೆ ವಾಡಿಕೆಯಲ್ಲಿ ಎರಡನೆಯ ದಾರಿ ಮಾತ್ರ ಉಳಿಯುತ್ತದೆ. ಹ್ಯಾಮರ್ ಹಿಂದೆ ನಿಲ್ಲಲು ಬೇಕಾದ ಒಳಗಚ್ಚನ್ನೂ ಕಾರ್ಖಾನೆಯಲ್ಲಿಯೇ ತೆಗೆದುಹಾಕಿದ ಯಂತ್ರವನ್ನು ಡಬಲ್ ಆಕ್ಷನ್ ಓನ್ಲಿ ಎಂದು ಗುರುತಿಸುತ್ತಾರೆ. ಹೊರಗಿನ ಕೊಕ್ಕೆ ಮತ್ತು ಒಳಗಿನ ಗಚ್ಚು ಬೇರೆ ಬೇರೆ ಸಂಗತಿಗಳೆಂಬುದನ್ನು ಓದುಗರು ಇಲ್ಲಿಯೇ ಮನದಟ್ಟು ಮಾಡಿಕೊಳ್ಳಬೇಕು, ಏಕೆಂದರೆ ಮುಂದೆ ಬರುವ ಎಚ್ಚರಿಕೆಗಳೆಲ್ಲ ಈ ಭೇದದ ಮೇಲೆ ನಿಂತಿವೆ.

ಗುರಿ ಹಲಗೆಯ ಎದುರು ಸಿಂಗಲ್ ಆಕ್ಷನ್ ಉತ್ತಮ. ಎಳೆತ ಹಗುರವಾದಷ್ಟೂ ನಳಿಕೆ ಅಲುಗಾಡುವುದು ಕಡಿಮೆ. ಆದರೆ ಪೊಲೀಸ್ ಅಧಿಕಾರಿಯ ಕೈಯಲ್ಲಿನ ರಿವಾಲ್ವರ್ ಹೆಚ್ಚಿನ ಸಂದರ್ಭಗಳಲ್ಲಿ ಹಾರಿಸುವುದಕ್ಕಾಗಿ ಹೊರಬರುವುದಿಲ್ಲ, ಶಂಕಿತನನ್ನು ತಡೆದು ನಿಲ್ಲಿಸುವುದಕ್ಕಾಗಿ ಹೊರಬರುತ್ತದೆ. ಹ್ಯಾಮರ್ ಎಳೆದು ನಿಲ್ಲಿಸಿಕೊಂಡ ಅಧಿಕಾರಿ ಆ ಗಳಿಗೆಯಲ್ಲಿ ಎಡವಿದರೆ, ಹಿಂದಿನಿಂದ ಯಾರಾದರೂ ಕೂಗಿದರೆ, ಇಲ್ಲವೇ ಎಡಗೈಯಿಂದ ಶಂಕಿತನ ರಟ್ಟೆಯನ್ನು ಬಿಗಿಯಾಗಿ ಹಿಡಿದರೆ, ಬಲಗೈಯ ಬೆರಳೂ ಅರಿವಿಲ್ಲದೆ ಮುದುಡಿಕೊಳ್ಳುತ್ತದೆ. ಬೆಚ್ಚಿಬೀಳುವಿಕೆ, ಸಮತೋಲ ತಪ್ಪುವಿಕೆ, ಒಂದು ಕೈಯ ಬಿಗಿತ ಇನ್ನೊಂದಕ್ಕೆ ಹರಡುವಿಕೆ ಎಂಬ ಈ ಮೂರು ಕಾರಣಗಳಿಂದ ಸ್ನಾಯು ತಾನಾಗಿ ಸಂಕುಚಿಸುವುದು ಶರೀರಶಾಸ್ತ್ರದಲ್ಲಿ ಚೆನ್ನಾಗಿ ಗುರುತಿಸಲ್ಪಟ್ಟ ಸಂಗತಿ. ಹಾಗೆ ಮುದುಡಿದ ಬೆರಳು ಹಗುರ ಟ್ರಿಗರನ್ನು ಸುಲಭವಾಗಿ ಮುಗಿಸಿಬಿಡುತ್ತದೆ. ಉದ್ದವೂ ಭಾರವೂ ಆದ ಎಳೆತ ಆ ಬೆರಳಿಗೆ ತಡೆಯೊಡ್ಡಿ, ಅಧಿಕಾರಿಗೆ ಅರಿವು ಮರಳುವಷ್ಟು ಎಡೆ ಕೊಡುತ್ತದೆ. ಇದು ಪೂರ್ಣ ರಕ್ಷಣೆಯಲ್ಲ, ಬೆರಳನ್ನು ಟ್ರಿಗರ್‌ನ ಹೊರಗಿಡುವ ಶಿಸ್ತಿಗೆ ಬದಲಿಯೂ ಅಲ್ಲ, ಆದರೂ ಒಂದು ಜೀವ ಉಳಿಯುವುದಕ್ಕೂ ಹೋಗುವುದಕ್ಕೂ ನಡುವೆ ಇಷ್ಟೇ ಅಂತರವಿರುವ ಸಂದರ್ಭಗಳು ಪೊಲೀಸ್ ಕೆಲಸದಲ್ಲಿ ಬರುತ್ತವೆ.

ಇನ್ನೂ ಒಂದು ಅಪಾಯ ಕೊಕ್ಕೆ ಇರುವುದರಿಂದಲೇ ಹುಟ್ಟುತ್ತದೆ. ಹ್ಯಾಮರ್ ಎಳೆದಾದ ಮೇಲೆ ಗುಂಡು ಹಾರಿಸುವ ಅಗತ್ಯ ಬೀಳದಿದ್ದರೆ ಅದನ್ನು ಮತ್ತೆ ಇಳಿಸಬೇಕು. ಇಳಿಸುವುದೆಂದರೆ ಹೆಬ್ಬೆರಳಿನಿಂದ ಕೊಕ್ಕೆಯನ್ನು ಹಿಡಿದುಕೊಂಡು, ಅದೇ ಕೈಯ ತೋರುಬೆರಳಿನಿಂದ ಟ್ರಿಗರ್ ಒತ್ತಿ, ತುಂಬಿದ ಕಾಡತೂಸಿನ ಮೇಲೆ ಹ್ಯಾಮರನ್ನು ಮೆಲ್ಲನೆ ಇಳಿಬಿಡುವುದು; ಅಂದರೆ ಗುಂಡು ಹಾರಿಸಲು ಮಾಡುವ ಕ್ರಿಯೆಯನ್ನೇ ಮಾಡಿ, ಹಾರದಂತೆ ಹೆಬ್ಬೆರಳೊಂದರಿಂದ ತಡೆಯುವುದು. ಕೈ ಬೆವೆತಿದ್ದರೆ, ಮಳೆಯಲ್ಲಿ ತೊಯ್ದಿದ್ದರೆ, ಓಡಿ ಬಂದು ಎದೆ ಬಡಿದುಕೊಳ್ಳುತ್ತಿದ್ದರೆ, ಗೀರುಗಳು ಸವೆದ ಹಳೆಯ ಕೊಕ್ಕೆ ಹೆಬ್ಬೆರಳಿನಡಿಯಿಂದ ಜಾರುವುದು ಕಷ್ಟವಲ್ಲ. ಕೊಕ್ಕೆಯೂ ಒಳಗಚ್ಚೂ ಇಲ್ಲದ ರಿವಾಲ್ವರ್‌ನಲ್ಲಿ ಹ್ಯಾಮರ್ ಹಿಂದೆ ನಿಲ್ಲುವುದೇ ಇಲ್ಲವಾದ್ದರಿಂದ ಇಳಿಸುವ ಪ್ರಸಂಗವೇ ಬರುವುದಿಲ್ಲ. ಬೋಳು ಹ್ಯಾಮರ್‌ನ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಅತ್ಯಂತ ಬಲವಾದದ್ದು. ಕೊಕ್ಕೆ ಬಟ್ಟೆಗೆ ಸಿಗುತ್ತದೆ ಎಂಬ ಹೆಚ್ಚು ಪ್ರಚಾರದಲ್ಲಿರುವ ಕಾರಣವನ್ನು ಇದರ ನಂತರವೇ ಎಣಿಸಬೇಕು.

ಎನ್‌ಫೀಲ್ಡ್‌ನಿಂದ ಬಂದ ಪಾಠ

ಭಾರತದ ಓದುಗರಿಗೆ ಹತ್ತಿರವಾದ ಉದಾಹರಣೆ ಬ್ರಿಟಿಷ್ ಸೇನೆಯ ಎನ್‌ಫೀಲ್ಡ್ ನಂ. 2 ರಿವಾಲ್ವರ್. ಮೊದಲ ಮಹಾಯುದ್ಧದಲ್ಲಿ ಬಳಕೆಯಲ್ಲಿದ್ದ .455 ವೆಬ್ಲಿ ರಿವಾಲ್ವರ್ ಭಾರವಾಗಿದ್ದು, ಅದರ ಒದೆತವನ್ನು ಅಲ್ಪಕಾಲದ ತರಬೇತಿಯಲ್ಲಿ ಹಿಡಿತಕ್ಕೆ ತರುವುದು ಕಷ್ಟವೆಂದು ಕಂಡುಬಂದದ್ದರಿಂದ, ಹಗುರವಾದ .38 ವ್ಯಾಸದ ಆಯುಧವನ್ನು ರೂಪಿಸಿ 1932ರಲ್ಲಿ ಸೇವೆಗೆ ಸೇರಿಸಲಾಯಿತು. ಮಾರ್ಕ್ 1 ಎಂಬ ಈ ಮೊದಲ ಮಾದರಿಗೆ ಕೊಕ್ಕೆಯಿತ್ತು, ಎರಡೂ ಬಗೆಯ ಎಳೆತ ಸಾಧ್ಯವಿತ್ತು. 1938ರಲ್ಲಿ ಬಂದ ಮಾರ್ಕ್ 1 ಸ್ಟಾರ್ ಮಾದರಿಯಲ್ಲಿ ಕೊಕ್ಕೆಯನ್ನು ತೆಗೆದು, ಮುಖ್ಯ ಸ್ಪ್ರಿಂಗನ್ನು ತುಸು ಹಗುರಗೊಳಿಸಿ, ಡಬಲ್ ಆಕ್ಷನ್ ಮಾತ್ರ ಉಳಿಸಲಾಯಿತು. ಮೊದಲೇ ತಯಾರಾಗಿದ್ದ ಮಾರ್ಕ್ 1ಗಳೂ ದುರಸ್ತಿಗೆ ಬಂದಾಗ ಈ ರೂಪಕ್ಕೆ ಬದಲಾದವು. ಟ್ಯಾಂಕಿನ ಇಕ್ಕಟ್ಟಿನಲ್ಲಿ ಏರಿ ಇಳಿಯುವ ಸೈನಿಕರಿಗೆ ಕೊಕ್ಕೆ ತೊಡಕಾಗುತ್ತಿತ್ತು ಎಂಬುದು ಎಲ್ಲರೂ ಹೇಳುವ ಕಾರಣ. ಸಮೀಪದಿಂದ ಶೀಘ್ರವಾಗಿ ಡಬಲ್ ಆಕ್ಷನ್‌ನಲ್ಲಿ ಹಾರಿಸುವುದನ್ನೇ ಸೈನಿಕರಿಗೆ ಕಲಿಸುವ ತರಬೇತಿಯ ಧೋರಣೆಯೂ ಅದರೊಂದಿಗೆ ಹೊಂದಿಕೊಂಡಿತ್ತು. ಸ್ಪ್ರಿಂಗ್ ಹಗುರಗೊಳಿಸಿದ ಕೆಲಸ ಕಾರ್ಖಾನೆಯಲ್ಲಿ, ನಿಗದಿತ ಕಾಡತೂಸಿನೊಂದಿಗೆ ಪರೀಕ್ಷೆಗೊಳಗಾಗಿ ನಡೆಯಿತೆಂಬುದನ್ನು ಗಮನಿಸಬೇಕು.

ಇದರ ಮುಂದಿನ ಅಧ್ಯಾಯ ಇನ್ನೂ ಹೆಚ್ಚು ಬೋಧಪ್ರದ. ಯುದ್ಧಕಾಲದಲ್ಲಿ ತಯಾರಿಕೆಯ ವೇಗ ಹೆಚ್ಚಿಸಲು 1942ರಲ್ಲಿ ಮಾರ್ಕ್ 1 ಡಬಲ್ ಸ್ಟಾರ್ ಎಂಬ ಮಾದರಿಯನ್ನು ತಂದು, ಅದರಲ್ಲಿ ಹ್ಯಾಮರ್ ಸ್ಟಾಪ್ ಎಂಬ ಒಳಭಾಗವನ್ನು ಕೈಬಿಟ್ಟರು. ಟ್ರಿಗರ್ ಎಳೆಯದ ಹೊರತು ಹ್ಯಾಮರ್ ಕಾಡತೂಸನ್ನು ತಲುಪದಂತೆ ಅಡ್ಡ ನಿಲ್ಲುವುದು ಆ ಭಾಗದ ಕೆಲಸ. ಅದಿಲ್ಲದ ರಿವಾಲ್ವರ್ ಹ್ಯಾಮರ್‌ನ ಮೇಲೆ ಬೀಳುವಂತೆ ಕೈತಪ್ಪಿದರೆ ಗುಂಡು ಹಾರುವ ಸಂಭವವಿದ್ದುದರಿಂದ, ಯುದ್ಧದ ನಂತರ ಅಂಥವನ್ನು ಹಿಂದಕ್ಕೆ ತರಿಸಿ ಆ ಭಾಗವನ್ನು ಮತ್ತೆ ಕೂರಿಸಬೇಕಾಯಿತು. ಅದೇ ಕಾಲದಲ್ಲಿ ಅಮೆರಿಕದ ನೌಕಾಪಡೆಯಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯ ವಿಕ್ಟರಿ ರಿವಾಲ್ವರ್ ಒಂದು ಹಡಗಿನ ಉಕ್ಕಿನ ನೆಲಕ್ಕೆ ಬಿದ್ದು ಸಿಡಿದು ನಾವಿಕನೊಬ್ಬ ಸತ್ತ ಮೇಲೆ ಆ ಕಂಪನಿಯೂ ಹ್ಯಾಮರ್ ಮತ್ತು ಚೌಕಟ್ಟಿನ ನಡುವೆ ಜಾರುವ ಅಡ್ಡಪಟ್ಟಿಯೊಂದನ್ನು ಹೊಸದಾಗಿ ರೂಪಿಸಿತು. ಹೊರಗಿನ ಕೊಕ್ಕೆ ಇಲ್ಲದ್ದರಿಂದಲೇ ರಿವಾಲ್ವರ್ ಸುರಕ್ಷಿತವೆಂದು ಭಾವಿಸುವವರು ಡಬಲ್ ಸ್ಟಾರ್‌ನ ಕಥೆಯನ್ನು ನೆನಪಿಡಬೇಕು: ಅದರ ಹ್ಯಾಮರ್ ಬೋಳಾಗಿಯೇ ಇತ್ತು, ಆದರೂ ಅದು ನೆಲಕ್ಕೆ ಬಿದ್ದಾಗ ನಂಬಬಹುದಾದ ಆಯುಧವಾಗಿರಲಿಲ್ಲ. ಸುರಕ್ಷತೆ ಇರುವುದು ಕಣ್ಣಿಗೆ ಕಾಣದ ಅಡ್ಡಪಟ್ಟಿಯಲ್ಲಿ.

ಪೊಲೀಸ್ ವಲಯದಲ್ಲಿ ಈ ವಿಚಾರ ಸೇನೆಗಿಂತ ಹಳೆಯದು. ಹ್ಯಾಮರನ್ನೇ ಚೌಕಟ್ಟಿನೊಳಗೆ ಅಡಗಿಸಿದ, ಹಿಡಿಕೆಯ ಹಿಂಬದಿಯನ್ನು ಅದುಮಿದ ಹೊರತು ಹಾರದ ರಿವಾಲ್ವರನ್ನು ಸ್ಮಿತ್ ಅಂಡ್ ವೆಸನ್ 1887ರಲ್ಲಿಯೇ ಮಾರುಕಟ್ಟೆಗೆ ತಂದಿತ್ತು. ಕೋಲ್ಟ್ ಕಂಪನಿಯ ಜಾನ್ ಹೆನ್ರಿ ಫಿಟ್ಸ್‌ಜೆರಾಲ್ಡ್ 1920ರ ದಶಕದಲ್ಲಿ ಕೊಕ್ಕೆ ಕತ್ತರಿಸಿದ ಮೋಟು ರಿವಾಲ್ವರ್‌ಗಳನ್ನು ಸಾದಾ ಉಡುಪಿನ ಪೊಲೀಸರಿಗಾಗಿ ಸಿದ್ಧಪಡಿಸಿ ಹೆಸರಾದರು. ಶಾಂಘೈ ಮುನ್ಸಿಪಲ್ ಪೊಲೀಸ್ ಪಡೆಯಲ್ಲಿ ದೀರ್ಘಕಾಲ ದುಡಿದ ವಿಲಿಯಂ ಫೇರ್‌ಬೇರ್ನ್ ಮತ್ತು ಅವರ ಜೊತೆಗಾರ ಎರಿಕ್ ಸೈಕ್ಸ್ ಜೇಬಿನಲ್ಲಿ ಒಯ್ಯುವ ರಿವಾಲ್ವರ್‌ಗೆ ಕೊಕ್ಕೆ ಇರಕೂಡದೆಂಬ ಅಭಿಪ್ರಾಯದವರು. ಸಿಖ್ ಸಿಪಾಯಿಗಳೂ ದೊಡ್ಡ ಸಂಖ್ಯೆಯಲ್ಲಿದ್ದ ಆ ಪಡೆಯ ಅನುಭವ ಭಾರತಕ್ಕೆ ತೀರ ಪರಕೀಯವೇನಲ್ಲ. ಮುಂದೆ ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್ ನಗರಗಳ ಪೊಲೀಸ್ ಇಲಾಖೆಗಳು ತಮ್ಮ ರಿವಾಲ್ವರ್‌ಗಳು ಡಬಲ್ ಆಕ್ಷನ್‌ನಲ್ಲಿ ಮಾತ್ರ ಹಾರಬೇಕೆಂದು ನಿಯಮ ಮಾಡಿದವು. ಹ್ಯಾಮರ್ ಎಳೆದಿತ್ತೇ ಇಲ್ಲವೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಅಧಿಕಾರಿಯ ಉದ್ದೇಶವನ್ನೇ ನಿರ್ಧರಿಸುವ ಪ್ರಶ್ನೆಯಾಗಬಲ್ಲದಾದ್ದರಿಂದ, ಆ ಪ್ರಶ್ನೆಯೇ ಏಳದಂತೆ ಮಾಡುವ ಬಯಕೆಯೂ ಇಂಥ ನಿಯಮಗಳ ಹಿಂದೆ ಇರುವುದು ಸಹಜ.

ಹೊಡೆತದ ಲೆಕ್ಕ

ಕೊಕ್ಕೆ ಕತ್ತರಿಸಿದರೆ ಹ್ಯಾಮರ್ ಹಗುರವಾಗುತ್ತದೆ, ಹಗುರವಾದ ಹ್ಯಾಮರ್ ಪ್ರೈಮರನ್ನು ಸಾಕಷ್ಟು ಬಲವಾಗಿ ಬಡಿಯಲಾರದು ಎಂಬ ವಾದವನ್ನು ಆಗಾಗ ಕೇಳಬಹುದು. ಇದು ಅರ್ಧ ಸತ್ಯ. ಹ್ಯಾಮರ್‌ಗೆ ಶಕ್ತಿ ಬರುವುದು ಸ್ಪ್ರಿಂಗಿನಿಂದ. ಸ್ಪ್ರಿಂಗ್ ಬದಲಾಗದಿದ್ದರೆ ಅದು ಕೊಡುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಗುರ ಹ್ಯಾಮರ್ ಆ ಶಕ್ತಿಯನ್ನು ಹೆಚ್ಚಿನ ವೇಗವಾಗಿ ಪರಿವರ್ತಿಸಿಕೊಂಡು ತುಸು ಬೇಗ ಬಡಿಯುತ್ತದೆ. ತೊಂದರೆ ಬರುವುದು, ಕೊಕ್ಕೆ ತೆಗೆದ ಕೈಯೇ ಎಳೆತ ಮೃದುವಾಗಲೆಂದು ಸ್ಪ್ರಿಂಗನ್ನೂ ಸಡಿಲಿಸಿದಾಗ. ಆಗ ಪ್ರೈಮರ್ ಗಟ್ಟಿಯಾಗಿರುವ ಕಾಡತೂಸುಗಳು, ಅದರಲ್ಲಿಯೂ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದವು, ಸಿಡಿಯದೆ ಟಿಕ್ ಎಂದು ಸುಮ್ಮನಾಗುತ್ತವೆ. ಇನ್ನು ಕೊಕ್ಕೆ ಕತ್ತರಿಸುವ ಸಾಣೆಚಕ್ರದ ಬಿಸಿಗೆ ಹ್ಯಾಮರ್‌ನ ಉಕ್ಕಿನ ಹದ ಕೆಟ್ಟರೆ, ಒಳಗಿನ ಗಚ್ಚಿನ ಅಂಚು ಬೇಗ ಸವೆಯತೊಡಗಿ, ಎಳೆದು ನಿಲ್ಲಿಸಿದ ಹ್ಯಾಮರ್ ತಾನಾಗಿ ಜಾರುವ ಸ್ಥಿತಿಗೆ ಬರಬಹುದು. ಕೊಕ್ಕೆ ಕತ್ತರಿಸಿ ಒಳಗಚ್ಚನ್ನು ಹಾಗೆಯೇ ಬಿಟ್ಟ ರಿವಾಲ್ವರ್ ಎಲ್ಲಕ್ಕಿಂತ ಕೆಟ್ಟದ್ದು: ಟ್ರಿಗರನ್ನು ಭಾಗಶಃ ಎಳೆದು ಹ್ಯಾಮರ್ ಮೇಲೆದ್ದಾಗ ಅದನ್ನು ಬೆರಳಿನಿಂದ ಹಿಡಿದು ಹಿಂದೆ ನಿಲ್ಲಿಸಿಬಿಡಲು ಸಾಧ್ಯ, ಆದರೆ ಇಳಿಸುವಾಗ ಹಿಡಿಯಲು ಕೊಕ್ಕೆಯೇ ಇರುವುದಿಲ್ಲ.

ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡಬಾರದು. 25 ಮೀಟರ್ ಆಚೆಗೆ ನಿಧಾನವಾಗಿ, ಸ್ಥಿರವಾಗಿ ಹಾರಿಸಬೇಕಾದ ಒಂದೇ ಗುಂಡಿಗೆ ಸಿಂಗಲ್ ಆಕ್ಷನ್ ಕೊಡುವ ನಿಖರತೆಯನ್ನು ಬೋಳು ಹ್ಯಾಮರ್ ಕೊಡದು. ಕೈಬಲ ಕುಗ್ಗಿದ ವಯಸ್ಸಾದವರಿಗೆ ಆರು ಕಿಲೊ ಎಳೆತವೇ ಅಸಾಧ್ಯವಾಗಬಹುದು. ಡಬಲ್ ಆಕ್ಷನ್‌ನಲ್ಲಿ ಗುರಿ ಹಿಡಿಯುವುದು ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ. ಖಾಲಿ ಆಯುಧದ ಮೇಲೆ ಬೋಧಕರ ಎದುರು ಮಾಡುವ ನೂರಾರು ನಿಧಾನ ಎಳೆತಗಳೇ ಅದರ ಬುನಾದಿ. ಧಾರವಾಡದ ಪೊಲೀಸ್ ತರಬೇತಿ ಶಾಲೆಯಂಥ ಕಡೆ ಶಿಸ್ತಿನಿಂದ ಕಲಿಯುವ ಸಿಬ್ಬಂದಿಗೆ ಇಂಥ ಅವಕಾಶ ಇದ್ದೇ ಇರುತ್ತದೆ, ವರ್ಷಕ್ಕೊಮ್ಮೆಯೂ ಗುಂಡು ಹಾರಿಸದ ಪರವಾನಗಿದಾರರಿಗೆ ಇರುವುದಿಲ್ಲ. ಪೊಲೀಸರಿಗೆ ಒಪ್ಪುವ ಮಾರ್ಪಾಡು ಮನೆಯ ಆಯುಧಕ್ಕೆ ತಾನಾಗಿ ಒಪ್ಪುವುದಿಲ್ಲ ಎಂದು ಹೇಳುವುದು ಈ ಕಾರಣಕ್ಕೆ.

ಅವಳಿ ನಗರದ ಪರವಾನಗಿದಾರರಿಗೆ

ನಾಗರಿಕರ ಕೈಯಲ್ಲಿ ಕಾಣಸಿಗುವ ಭಾರತೀಯ ರಿವಾಲ್ವರ್ ಬಹುಮಟ್ಟಿಗೆ .32 ವ್ಯಾಸದ್ದು. ಕಾನ್ಪುರದ ಸರ್ಕಾರಿ ಕಾರ್ಖಾನೆಗಳು ವೆಬ್ಲಿ ಮಾರ್ಕ್ 4 ವಿನ್ಯಾಸದ ಜಾಡಿನಲ್ಲಿ ರೂಪಿಸಿದ, ನಡುವೆ ಮಡಚಿ ಕಾಡತೂಸು ತುಂಬುವ ಆರು ಗುಂಡಿನ ರಿವಾಲ್ವರ್ ಇವುಗಳ ಮೂಲ. 2014ರ ಜನವರಿಯಲ್ಲಿ ಮಹಿಳೆಯರನ್ನು ಉದ್ದೇಶಿಸಿ ಬಿಡುಗಡೆಯಾದ, ಅರ್ಧ ಕಿಲೊ ಆಸುಪಾಸಿನ ತೂಕದ ನಿರ್ಭೀಕ್ ಇದೇ ವಂಶದ್ದು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ವಿಭಜಿಸಿದ ಮೇಲೆ ಆಯುಧ ತಯಾರಿಕೆ ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಕಂಪನಿಗೆ ಹೋಗಿದ್ದು, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಪ್ರಬಲ್ ಎಂಬ ರಿವಾಲ್ವರನ್ನು ಅದು 2023ರಲ್ಲಿ ಹೊರತಂದಿತು. ಕಾನ್ಪುರದ ಹಳೆಯ .32 ಮಾದರಿಗಳ ಹ್ಯಾಮರ್ ಹೊರಗೆ ಕಾಣುವಂಥದ್ದು, ಅದಕ್ಕೆ ಕೊಕ್ಕೆಯೂ ಇದೆ. ಇಂಥ ರಿವಾಲ್ವರ್ ಉಳ್ಳವರು ಮೊದಲು ತಿಳಿಯಬೇಕಾದದ್ದು, ಕೊಕ್ಕೆ ಇದ್ದ ಮಾತ್ರಕ್ಕೆ ಅದನ್ನು ಬಳಸಲೇಬೇಕೆಂದಿಲ್ಲ ಎಂಬುದು. ಹ್ಯಾಮರನ್ನು ಎಂದೂ ಹೆಬ್ಬೆರಳಿನಿಂದ ಎಳೆಯದೆ, ಅಗತ್ಯ ಬಿದ್ದರೆ ಡಬಲ್ ಆಕ್ಷನ್‌ನಲ್ಲಿ ಮಾತ್ರ ಹಾರಿಸುವ ರೂಢಿಯನ್ನು ಬೆಳೆಸಿಕೊಂಡರೆ ಬೋಳು ಹ್ಯಾಮರ್‌ನ ಮುಖ್ಯ ಪ್ರಯೋಜನ ಖರ್ಚಿಲ್ಲದೆ, ಕಾನೂನು ಮುರಿಯದೆ ಸಿಗುತ್ತದೆ. ಬಟ್ಟೆಗೆ ಸಿಕ್ಕುವ ತೊಂದರೆಗೆ ಕೊಕ್ಕೆಯನ್ನು ಮುಚ್ಚುವ ಮಡಿಕೆಯುಳ್ಳ, ಟ್ರಿಗರ್ ಕಾವಲು ಪೂರ್ತಿ ಒಳಗೆ ಕೂರುವ ಚರ್ಮದ ಚೀಲವೇ ಸರಿಯಾದ ಪರಿಹಾರ.

ಕತ್ತರಿಸುವುದಕ್ಕೆ ಕಾನೂನಿನ ಅಡ್ಡಿಯೂ ಇದೆ. 1857ರ ನಿಶ್ಶಸ್ತ್ರೀಕರಣ ಕಾನೂನನ್ನು ಎದುರಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ಪ್ರಾಣ ಕೊಟ್ಟ ನೆನಪು ಈ ಭಾಗದ ಲಾವಣಿಗಳಲ್ಲಿ ಇಂದಿಗೂ ಹಸಿರಾಗಿದ್ದು, ಆಯುಧ ಕಾನೂನೆಂದರೆ ಪರಕೀಯರ ಹೇರಿಕೆ ಎಂಬ ಭಾವನೆಗೆ ಇಲ್ಲಿ ಆಳವಾದ ಬೇರುಗಳಿವೆ. ಆದರೆ ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯಿದೆಯನ್ನು ತೆಗೆದುಹಾಕಿ ಸ್ವತಂತ್ರ ಭಾರತದ ಸಂಸತ್ತು ರೂಪಿಸಿದ 1959ರ ಶಸ್ತ್ರಾಸ್ತ್ರ ಕಾಯಿದೆ, 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವುದು, ಬೇರೆಯದೇ ಉದ್ದೇಶದ್ದು. ಅದರ 5ನೇ ಕಲಮಿನಂತೆ ಆಯುಧ ತಯಾರಿಕೆ ಮತ್ತು ಮಾರಾಟಕ್ಕಷ್ಟೇ ಅಲ್ಲ, ದುರಸ್ತಿಗೂ ಮಾರ್ಪಾಡಿಗೂ ಪ್ರತ್ಯೇಕ ಪರವಾನಗಿ ಬೇಕು. ಇಟ್ಟುಕೊಳ್ಳುವ ಪರವಾನಗಿ ದುರಸ್ತಿಯ ಪರವಾನಗಿಯಲ್ಲ. ಕೊಕ್ಕೆ ಕತ್ತರಿಸಲೆಂದು ರಿವಾಲ್ವರನ್ನು ಲೇತ್ ಅಂಗಡಿಗೆ ಒಯ್ಯುವುದು ಆಯುಧದ ಮಾಲೀಕರನ್ನೂ ಅಂಗಡಿಯವರನ್ನೂ ಒಟ್ಟಿಗೆ ತೊಂದರೆಗೆ ಸಿಲುಕಿಸುತ್ತದೆ. ಪೊಲೀಸ್ ಅಧಿಕಾರಿಗಾದರೂ ಸರ್ಕಾರಿ ಆಯುಧವನ್ನು ತನ್ನ ಇಷ್ಟದಂತೆ ಬದಲಿಸಲು ಅಧಿಕಾರವಿಲ್ಲ. ಅದು ಸಶಸ್ತ್ರ ಮೀಸಲು ಪಡೆಯ ಆರ್ಮರರ್, ಅಂದರೆ ಆಯುಧ ದುರಸ್ತಿಯ ತಜ್ಞ ಸಿಬ್ಬಂದಿ, ಇಲಾಖೆಯ ಆದೇಶದ ಮೇಲೆ ಮಾಡುವ ಕೆಲಸ. ಗುಂಡು ತಾನಾಗಿ ಹಾರಿತೆಂಬ ಹೇಳಿಕೆ ಬಂದ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಟ್ರಿಗರ್ ಎಳೆತದ ಭಾರವನ್ನು ಅಳೆಯುತ್ತಾರೆ, ಒಳಗಚ್ಚುಗಳ ಸವೆತವನ್ನು ನೋಡುತ್ತಾರೆ, ಬಿದ್ದಾಗ ಹ್ಯಾಮರ್ ಮುಂದೆ ಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. 2023ರ ಜನವರಿಯಲ್ಲಿ ಶಿಲಾನ್ಯಾಸವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣ ಧಾರವಾಡದಲ್ಲಿಯೇ ಇರುವುದರಿಂದ ಈ ಬಗೆಯ ಅರಿವು ಮುಂದಿನ ದಿನಗಳಲ್ಲಿ ಇಲ್ಲಿನವರಿಗೆ ಇನ್ನೂ ಹತ್ತಿರವಾಗಲಿದೆ. ಅರದ ಗುರುತುಳ್ಳ ಹ್ಯಾಮರ್ ಅಂಥ ಪರೀಕ್ಷೆಯಲ್ಲಿ ಮಾಲೀಕರ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ನಿರ್ವಹಣೆಯ ವಿಷಯದಲ್ಲಿ ಉತ್ತರ ಕರ್ನಾಟಕಕ್ಕೆ ವಿಶಿಷ್ಟವಾದ ಒಂದು ಎಚ್ಚರಿಕೆಯಿದೆ. ಮಹಾನವಮಿಯ ಖಂಡೆಪೂಜೆಯಲ್ಲಿ ಮನೆಯ ಕೊಡಲಿ, ಕುಡುಗೋಲುಗಳ ಜೊತೆ ಬಂದೂಕು, ರಿವಾಲ್ವರ್‌ಗಳಿಗೂ ಅರಿಷಿಣ, ಕುಂಕುಮ, ಹೂವು ಏರಿಸುವುದು ಗೌರವದ ಸಂಪ್ರದಾಯ. ಹ್ಯಾಮರ್‌ನ ಹಿಂದಿನ ಸೀಳಿಗೆ ಬಿದ್ದ ಕುಂಕುಮದ ಪುಡಿ ಒಳಗಿನ ಎಣ್ಣೆಯೊಂದಿಗೆ ಕಲೆತು ಕೆಸರಿನಂತಾಗಿ, ಹ್ಯಾಮರ್ ಪೂರ್ತಿ ವೇಗದಲ್ಲಿ ಬೀಳುವುದನ್ನೂ ಅಡ್ಡಪಟ್ಟಿ ತನ್ನ ಜಾಗಕ್ಕೆ ಮರಳುವುದನ್ನೂ ತಡೆಯಬಲ್ಲದು. ಮನೆಯಲ್ಲಿ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಹಚ್ಚುವುದು ಇನ್ನೂ ಕೆಟ್ಟದ್ದು. 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಿಂದಲೇ ಹೆಪ್ಪುಗಟ್ಟತೊಡಗುವ ಆ ಎಣ್ಣೆ ಧಾರವಾಡದ ಚಳಿಗಾಲದ ಬೆಳಗಿನಲ್ಲಿ ಸೀಳಿನೊಳಗೆ ಮೇಣವಾಗಿ ಕೂರುತ್ತದೆ. ಪೂಜೆಗೆ ಮುನ್ನ ಕಾಡತೂಸುಗಳನ್ನೆಲ್ಲ ಹೊರತೆಗೆದು ಬೇರೆ ಕೋಣೆಯಲ್ಲಿರಿಸಿ, ರಿವಾಲ್ವರನ್ನು ತೆಳುವಾದ ಬಟ್ಟೆಯ ಮೇಲಿಟ್ಟು, ಕುಂಕುಮವನ್ನು ಹಿಡಿಕೆಯ ಮರಕ್ಕೆ ಮಾತ್ರ ಇಟ್ಟರೆ ಸಂಪ್ರದಾಯಕ್ಕೂ ಯಂತ್ರಕ್ಕೂ ಧಕ್ಕೆಯಿಲ್ಲ. ಹಬ್ಬದ ಸಂಭ್ರಮದಲ್ಲಿ ಆಕಾಶಕ್ಕೆ ಗುಂಡು ಹಾರಿಸುವುದು 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡಕ್ಕೂ ಗುರಿಯಾಗುವ ಅಪರಾಧ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಮಳೆಗಾಲದಲ್ಲಿ ಚರ್ಮದ ಚೀಲ ತೇವ ಹೀರಿಕೊಂಡು ಉಕ್ಕಿಗೆ ತುಕ್ಕು ಹಿಡಿಸುವುದರಿಂದ, ಆಯುಧವನ್ನು ಚೀಲದಲ್ಲಿಯೇ ತಿಂಗಳುಗಟ್ಟಲೆ ಬಿಡದೆ ಒಣ ಬಟ್ಟೆಯಲ್ಲಿ ಒರೆಸಿ, ಆಯುಧಕ್ಕೆಂದೇ ತಯಾರಾದ ತೆಳು ಎಣ್ಣೆಯ ಒಂದೆರಡು ಹನಿ ಮಾತ್ರ ಹಚ್ಚಿ, ಬೀಗವಿರುವ ಕಪಾಟಿನಲ್ಲಿಡಬೇಕು.

ಹಿರಿಯರಿಂದ ಬಂದ ರಿವಾಲ್ವರ್‌ನ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ತಿಜೋರಿಯಲ್ಲಿ ಸಿಕ್ಕ ಆಯುಧದ ಹ್ಯಾಮರ್ ಬೋಳಾಗಿದ್ದರೆ ಅದು ಎನ್‌ಫೀಲ್ಡ್ ಆಗಿರಬಹುದೆಂಬ ಅನುಮಾನ ಮೊದಲು ಮೂಡಬೇಕು. ಚೌಕಟ್ಟಿನ ಬಲಬದಿಯಲ್ಲಿ, ಹ್ಯಾಮರ್‌ನ ಕೆಳಗೆ, ತಯಾರಕರ ಹೆಸರು, ನಂ. 2 ಎಂಬ ಗುರುತು, ಮಾರ್ಕ್ ಸಂಖ್ಯೆ ಮತ್ತು ವರ್ಷ ಒತ್ತಿರುತ್ತದೆ. ಮಾರ್ಕ್ ಸಂಖ್ಯೆಯ ಪಕ್ಕದ ನಕ್ಷತ್ರ ಚಿಹ್ನೆ ಬೋಳು ಹ್ಯಾಮರ್‌ನ ಅಧಿಕೃತ ರೂಪವನ್ನು ಸೂಚಿಸುತ್ತದೆ. ನಕ್ಷತ್ರವಿಲ್ಲದೆ ಹ್ಯಾಮರ್ ಮಾತ್ರ ಬೋಳಾಗಿದ್ದು, ಕತ್ತರಿಸಿದ ಜಾಗದಲ್ಲಿ ಅರದ ಗೀರು ಕಾಣುತ್ತಿದ್ದರೆ ಅದು ಖಾಸಗಿ ಕೈಯ ಕೆಲಸವೆಂದು ಶಂಕಿಸಬೇಕು. ಇದನ್ನೆಲ್ಲ ನೋಡುವಾಗ ಟ್ರಿಗರನ್ನಾಗಲಿ ಹ್ಯಾಮರನ್ನಾಗಲಿ ಮುಟ್ಟುವ ಅಗತ್ಯವಿಲ್ಲ, ಮುಟ್ಟಲೂಬಾರದು. ಆಯುಧ ತುಂಬಿದೆಯೆಂದೇ ಭಾವಿಸಿ, ನಳಿಕೆಯನ್ನು ಯಾರತ್ತವೂ ತಿರುಗಿಸದೆ, ತೆರೆದು ಖಾಲಿ ಮಾಡುವ ಕೆಲಸವನ್ನು ಬಲ್ಲವರಿಗೇ ಬಿಡಬೇಕು.

ಎನ್‌ಫೀಲ್ಡ್ ಎಂದು ಖಚಿತವಾದರೆ ಇನ್ನೊಂದು ತೊಡಕು ಎದುರಾಗುತ್ತದೆ. .380 ಮತ್ತು .455 ರಿಮ್ ಇರುವ ಕಾಡತೂಸುಗಳನ್ನು ಹಾರಿಸಬಲ್ಲ ರಿವಾಲ್ವರ್‌ಗಳು ಸೇವಾ ಆಯುಧಗಳೆಂಬ ಕಾರಣಕ್ಕೆ ನಿಷೇಧಿತ ವರ್ಗದಲ್ಲಿ ಸೇರಿವೆ. .32 ರಿವಾಲ್ವರ್‌ಗೆ ಕೊಡುವ ಸಾಮಾನ್ಯ ಪರವಾನಗಿ ಅದಕ್ಕೆ ಸಾಲದು, ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಪರವಾನಗಿದಾರರು ತೀರಿಕೊಂಡ ಮೇಲೆ ಕುಟುಂಬದವರು ಆಯುಧವನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಪರವಾನಗಿಯುಳ್ಳ ಆಯುಧ ವ್ಯಾಪಾರಿಯ ಬಳಿ ಠೇವಣಿ ಇಡಬೇಕೆಂದು ಕಾಯಿದೆಯ 21ನೇ ಕಲಮು ವಿಧಿಸುತ್ತದೆ. ಠಾಣೆಗೆ ಒಯ್ಯುವುದಕ್ಕೂ ಮುಂಚೆ ಫೋನಿನಲ್ಲಿ ತಿಳಿಸಿ, ಸಿಬ್ಬಂದಿಯ ಸಲಹೆಯಂತೆ ನಡೆದುಕೊಳ್ಳುವುದು ಕ್ಷೇಮ. ಠೇವಣಿಯ ರಸೀದಿಯಲ್ಲಿ ತಯಾರಕರ ಹೆಸರು, ವ್ಯಾಸ, ಕ್ರಮಸಂಖ್ಯೆ, ಕಾಡತೂಸುಗಳ ಸಂಖ್ಯೆಯ ಜೊತೆಗೆ ಹ್ಯಾಮರ್‌ನ ಸ್ಥಿತಿಯನ್ನೂ, ಅಂದರೆ ಕೊಕ್ಕೆ ಇದೆಯೋ ಇಲ್ಲವೋ, ಕತ್ತರಿಸಿದ ಗುರುತಿದೆಯೋ ಎಂಬುದನ್ನೂ ಬರೆಸಿಕೊಂಡರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ. ಚುನಾವಣೆಯ ಕಾಲದಲ್ಲಿ ಆಯುಧಗಳನ್ನು ಠೇವಣಿ ಇಡುವಾಗಲೂ ಇದೇ ಕ್ರಮ ಒಳ್ಳೆಯದು.

.32 ರಿವಾಲ್ವರನ್ನು ವಾರಸುದಾರರು ತಮ್ಮ ಹೆಸರಿಗೆ ಮಾಡಿಕೊಳ್ಳಲು 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಲ್ಲಿ ಅವಕಾಶವಿದೆ; ಮಾಲೀಕರು ಜೀವಂತ ಇದ್ದಾಗಲೂ, 70 ವರ್ಷ ತುಂಬಿದ ಮೇಲೆ ಅಥವಾ ಆಯುಧವನ್ನು 25 ವರ್ಷ ಇಟ್ಟುಕೊಂಡ ಮೇಲೆ, ಇವುಗಳಲ್ಲಿ ಯಾವುದು ಮೊದಲೋ ಆಗ, ಅದನ್ನು ವಾರಸುದಾರರಿಗೆ ದಾಟಿಸಲು ಅರ್ಜಿ ಹಾಕಬಹುದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಅವರ ಹೆಸರಿನಲ್ಲಿ ಒಟ್ಟು ಎರಡಕ್ಕಿಂತ ಹೆಚ್ಚು ಆಯುಧಗಳಿರಕೂಡದು, ಕೊಟ್ಟ ಪರವಾನಗಿ ಐದು ವರ್ಷ ನಡೆಯುತ್ತದೆ. ಪೊಲೀಸ್ ಕಮಿಷನರೇಟ್ ವ್ಯಾಪ್ತಿಯ ಅವಳಿ ನಗರದವರು ಹುಬ್ಬಳ್ಳಿಯ ನವನಗರದಲ್ಲಿರುವ ಪೊಲೀಸ್ ಆಯುಕ್ತರ ಕಚೇರಿಗೆ ಹೋಗಬೇಕು. ಕಲಘಟಗಿ, ನವಲಗುಂದ, ಕುಂದಗೋಳ, ಅಣ್ಣಿಗೇರಿಯಂಥ ಕಡೆ ವಾಸಿಸುವವರ ಅರ್ಜಿ ಧಾರವಾಡದ ಜಿಲ್ಲಾಧಿಕಾರಿಗಳಿಗೆ ಸಲ್ಲುತ್ತದೆ. ವಾರಸಾ ದಾಖಲೆ, ಮರಣ ಪ್ರಮಾಣಪತ್ರ, ಮೂಲ ಪರವಾನಗಿ ಪುಸ್ತಕ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಮತ್ತು ಠೇವಣಿಯ ರಸೀದಿಯನ್ನು ಮೊದಲೇ ಹೊಂದಿಸಿಟ್ಟುಕೊಂಡು, ಆಯುಧವನ್ನು ಮರಳಿ ಪಡೆಯುವ ದಿನ ಪರವಾನಗಿಯುಳ್ಳ ದುರಸ್ತಿಗಾರರಿಂದ ಹ್ಯಾಮರ್, ಅಡ್ಡಪಟ್ಟಿ ಮತ್ತು ಮುಖ್ಯ ಸ್ಪ್ರಿಂಗನ್ನು ಪರೀಕ್ಷಿಸಿಕೊಂಡ ನಂತರವೇ ಮನೆಗೆ ಒಯ್ಯಬೇಕು.